ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿದರೆ: ಕಲಬುರಗಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಕಲಬುರಗಿ

ಮಾನ್ಯರೇ,

ಮೇ ತಿಂಗಳ ಬಿಸಿಲಲ್ಲಿ ದಿನವಿಡೀ ಕಲ್ಲು ಹೊತ್ತವನ ತೊಡೆ, ಬೆನ್ನು ಸೆಟೆದು ಬಿಗಿಯುತ್ತವೆ. ಅಂದು ರಾತ್ರಿಯೋ ಮರುದಿನವೋ ಅವನ ಮೂತ್ರ ಹಾಲು ಹಾಕದ ಕಡಕ್ ಚಹಾದ ಬಣ್ಣಕ್ಕೆ ತಿರುಗುತ್ತದೆ. "ಮೈಯಾಗ ಗರ್ಮಿ ಹೆಚ್ಚಾಗ್ಯಾದ" ಎಂದು ಮನೆಯವರು ಅನ್ನುತ್ತಾರೆ. "ಕಾಮಣಿ ಆಗಿರಬೇಕು ನೋಡ್ರಿ" ಎಂದು ಓಣಿಯ ಹಿರಿಯರು ಅನ್ನುತ್ತಾರೆ. ಮೊದಲ ಮಾತು ನಂಬಿದರೆ ಊರಲ್ಲೇ ಒಂದು ಸೂಜಿ ಮಾಡಿಸುತ್ತಾರೆ, ಎರಡನೆಯದನ್ನು ನಂಬಿದರೆ ಸೊಪ್ಪಿನ ಔಷಧಿಗೆ ಕರೆದೊಯ್ಯುತ್ತಾರೆ. ಹೇಗೇ ಆದರೂ ಒಂದೆರಡು ದಿನ ಕೈಬಿಟ್ಟು ಹೋಗುತ್ತವೆ. ಅಷ್ಟರಲ್ಲಿ ಮೂತ್ರ ನಿಂತು, ಮುಖ ಬಾತು, ಏದುಸಿರು ಬಿಡುತ್ತ ಅವನು ಕಲಬುರಗಿಯ ದೊಡ್ಡ ದವಾಖಾನೆಗೆ ಬಂದು ಡಯಾಲಿಸಿಸ್ ಮಷಿನ್ ಪಕ್ಕದಲ್ಲಿ ಮಲಗುತ್ತಾನೆ. ಕೆಲವರು ಅಲ್ಲಿಗೂ ಮುಟ್ಟುವುದಿಲ್ಲ.

ಅವನಿಗೆ ಆದದ್ದು ಗರ್ಮಿಯಲ್ಲ, ಕಾಮಣಿಯೂ ಅಲ್ಲ. ಅವನ ಮಾಂಸಖಂಡಗಳೇ ಒಡೆದು, ಒಳಗಿನದೆಲ್ಲ ರಕ್ತಕ್ಕೆ ಬೆರೆತಿದೆ. ವೈದ್ಯರು ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಗುರುತು ಹಿಡಿದರೆ ಬಹುಪಾಲು ಜನರನ್ನು ಉಪ್ಪುನೀರಿನ ಸಲಾಯಿನ್ ಬಾಟಲಿಗಳಿಂದಲೇ ಉಳಿಸಬಹುದು. ತಡವಾದರೆ ಡಯಾಲಿಸಿಸ್, ಐಸಿಯು, ಸಾಲ, ಹೊಲದ ಮಾರಾಟ. ಆದ್ದರಿಂದ ಇದನ್ನು ಗುರುತು ಹಿಡಿಯುವ ಕೆಲಸ ಕಲಬುರಗಿ ನಗರದಲ್ಲಲ್ಲ, ರೋಗಿ ಮೊದಲು ಕಾಲಿಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಬೇಕು. ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಅದನ್ನೇ.

ನಾನು ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾದವಳು. ವೈದ್ಯಳಲ್ಲ. ಆದರೆ ಈ ಕಾಯಿಲೆಯ ಮೊದಲ ಸುಳಿವು ಅನೇಕ ಸಲ ವೈದ್ಯರಿಗಿಂತ ಮುಂಚೆ ಲ್ಯಾಬಿನ ಮೇಜಿನ ಮೇಲೆ ಕಾಣಿಸುತ್ತದೆ. ರೋಗಿಯ ಮೂತ್ರಕ್ಕೆ ಪರೀಕ್ಷಾ ಪಟ್ಟಿ ಅದ್ದಿದರೆ ರಕ್ತದ ಚೌಕ ಗಾಢ ಹಸಿರಿಗೆ ತಿರುಗುತ್ತದೆ. ಹಾಗಾದರೆ ಮೂತ್ರದಲ್ಲಿ ರಕ್ತ ಇರಬೇಕಲ್ಲ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇರುವುದಿಲ್ಲ, ಇದ್ದರೂ ಬೆರಳೆಣಿಕೆ. ಪಟ್ಟಿ ಹಿಡಿದದ್ದು ರಕ್ತಕಣವನ್ನಲ್ಲ, ಮಯೋಗ್ಲೋಬಿನ್ ಎಂಬ ಪ್ರೋಟೀನನ್ನು. ಮಾಂಸಖಂಡದೊಳಗೆ ಆಮ್ಲಜನಕ ಹಿಡಿದಿಡುವ ಈ ಪ್ರೋಟೀನ್ ಮೂತ್ರದಲ್ಲಿ ಇಷ್ಟು ಕಾಣಿಸಿಕೊಂಡರೆ ಮಾಂಸಖಂಡ ಒಡೆದಿದೆ ಎಂದೇ ಅನುಮಾನಿಸಬೇಕು. ರಕ್ತನಾಳದೊಳಗೇ ರಕ್ತಕಣ ಒಡೆಯುವ ಕೆಲವು ಕಾಯಿಲೆಗಳಲ್ಲೂ ಪಟ್ಟಿ ಹೀಗೆಯೇ ತೋರಿಸುವುದುಂಟು. ಅದೂ ತುರ್ತಿನ ಸಂಗತಿಯೇ ಆದ್ದರಿಂದ ಈ ಫಲಿತಾಂಶ ಕಂಡಾಗ ಸುಮ್ಮನೆ ಕೂರುವ ಹಾಗಿಲ್ಲ.

ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಒಂದು ಪಟ್ಟಿ, ಒಂದು ಹಳೆಯ ಸೂಕ್ಷ್ಮದರ್ಶಕ, ಐದು ನಿಮಿಷ ಇದ್ದರೆ ಆಯಿತು. ಅಡಚಣೆ ಎಲ್ಲಿದೆ ಎಂದು ಹೇಳುತ್ತೇನೆ. ನಾನು ಕಂಡ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ ಪಟ್ಟಿಗಳಲ್ಲಿ ಎರಡೇ ಚೌಕ, ಸಕ್ಕರೆಗೆ ಒಂದು, ಪ್ರೋಟೀನಿಗೆ ಒಂದು. ಬಸುರಿಯರ ತಪಾಸಣೆಗೆ ಅಷ್ಟು ಸಾಕು. ರಕ್ತದ ಚೌಕ ಇರುವ ಪಟ್ಟಿಗೆ ಕೆಲವೇ ರೂಪಾಯಿ ಹೆಚ್ಚು, ಆದರೆ ಇಂಡೆಂಟಿನಲ್ಲಿ ಅದರ ಹೆಸರೇ ಇರುತ್ತಿರಲಿಲ್ಲ. ಒಂದು ಖರೀದಿ ಪಟ್ಟಿಯಲ್ಲಿ ಒಂದು ಸಾಲು ಸೇರಿಸುವ ಕೆಲಸ ಇದು. ಸಾಹೇಬರೇ, ನಿಮ್ಮ ಒಂದು ಸಹಿಯಿಂದ ಆಗುವಂಥದ್ದು.

ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ತಿಳಿದರೆ ಗಂಟೆಗಳ ಬೆಲೆ ತಾನಾಗಿ ತಿಳಿಯುತ್ತದೆ. ಮನುಷ್ಯನ ತೂಕದಲ್ಲಿ ಸುಮಾರು ಶೇ 40ರಷ್ಟು ಮಾಂಸಖಂಡವೇ. ಮೈಯೊಳಗಿನ ಪೊಟ್ಯಾಸಿಯಂನ ಬಹುಪಾಲು ಅದರ ಜೀವಕೋಶಗಳಲ್ಲಿ ಇರುತ್ತದೆ. ಅತಿಯಾದ ಕಾವು, ಜಜ್ಜುಗಾಯ, ವಿದ್ಯುತ್ತು, ವಿಷ, ಇಲ್ಲವೆ ತಡೆಯಲಾರದಷ್ಟು ದುಡಿಮೆ ಆ ಕೋಶಗಳ ಶಕ್ತಿಯನ್ನು ತೀರಿಸಿಬಿಟ್ಟರೆ ಕೋಶದ ಗೋಡೆ ಕ್ಯಾಲ್ಸಿಯಂ ಅನ್ನು ಹೊರಗೆ ತಡೆಯಲಾರದೆ ಹೋಗುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ಮಾಂಸವನ್ನು ಬಿಗಿದು ಒಡೆಯುತ್ತದೆ. ಆಗ ಪೊಟ್ಯಾಸಿಯಂ, ಫಾಸ್ಫೇಟ್, ಆಮ್ಲ, ಮಯೋಗ್ಲೋಬಿನ್ ಎಲ್ಲವೂ ರಕ್ತಕ್ಕೆ ಸುರಿಯುತ್ತವೆ. ರಕ್ತದಲ್ಲಿದ್ದ ನೀರು ಪೆಟ್ಟಾದ ಮಾಂಸದೊಳಕ್ಕೆ ಇಳಿಯುತ್ತದೆ, ಕಾಲು ಬಾತುಕೊಳ್ಳುತ್ತದೆ, ಕಿಡ್ನಿಗೆ ರಕ್ತ ಸಾಲದಾಗುತ್ತದೆ. ಅದೇ ಹೊತ್ತಿಗೆ ಮಯೋಗ್ಲೋಬಿನ್ ಕಿಡ್ನಿಯ ಸಣ್ಣ ನಾಳಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೂತ್ರ ಆಮ್ಲೀಯವಾಗಿದ್ದು, ನೀರು ಕಡಿಮೆಯಿದ್ದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ.

ಕಿಡ್ನಿ ಸೋಲಲು ದಿನಗಳು ಹಿಡಿದರೂ ಪೊಟ್ಯಾಸಿಯಂ ಅಷ್ಟು ಕಾಯುವುದಿಲ್ಲ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. 6.5 ದಾಟಿದರೆ ಹೃದಯದ ಬಡಿತ ಯಾವ ಗಳಿಗೆಯಲ್ಲಾದರೂ ತಪ್ಪಬಹುದು. ಮಾತಾಡುತ್ತ ಕೂತಿದ್ದವರು ಹಾಗೇ ಕುಸಿದು ಹೋಗುವುದು ಇದರಿಂದಲೇ.

ಕಾಮಣಿ ಎಂಬ ತಪ್ಪು ಹಳ್ಳಿಯವರದಷ್ಟೇ ಅಲ್ಲ, ಲ್ಯಾಬ್ ವರದಿ ಓದುವವರಲ್ಲೂ ಇದೆ. ಲಿವರ್ ಪರೀಕ್ಷೆ ಎಂದು ನಾವು ಮಾಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮಾಂಸಖಂಡದಲ್ಲೂ ಇರುತ್ತವೆ. ಮಾಂಸ ಒಡೆದಾಗ ಇವೂ ಏರುತ್ತವೆ, ಎಸ್‌ಜಿಒಟಿ ಹೆಚ್ಚು ಏರುತ್ತದೆ. ಕಾಮಣಿಯಲ್ಲಿ ಏರುವ ಹಳದಿ ವಸ್ತು ಬಿಲಿರುಬಿನ್ ಸರಿಯಾಗಿದ್ದು, ಕಣ್ಣು ಹಳದಿಯಾಗದೆ, ಮೂತ್ರ ಮಾತ್ರ ಕಂದಾಗಿ, ಎಸ್‌ಜಿಒಟಿ ನೂರುಗಟ್ಟಲೆ ಏರಿದ್ದರೆ ಅದನ್ನು ಲಿವರಿನ ತಲೆಗೆ ಕಟ್ಟುವ ಮುಂಚೆ ಸಿ.ಪಿ.ಕೆ. ಒಂದನ್ನು ಮಾಡಿಸಿ ಎಂದು ಬೇಡಿಕೊಳ್ಳುತ್ತೇನೆ. ಸಿ.ಪಿ.ಕೆ. ಎಂದರೆ ಮಾಂಸಖಂಡದ ಕಿಣ್ವ, ಕ್ರಿಯಾಟಿನ್ ಕೈನೇಸ್. ಸಾಮಾನ್ಯವಾಗಿ ಇನ್ನೂರರ ಆಸುಪಾಸಿನೊಳಗೆ ಇರುವಂಥದ್ದು. ಸಾವಿರ ದಾಟಿದರೆ ಈ ಕಾಯಿಲೆಯ ಅನುಮಾನ ಗಟ್ಟಿಯಾಗುತ್ತದೆ, ಐದು ಸಾವಿರ ದಾಟಿದರೆ ಕಿಡ್ನಿಗೆ ಅಪಾಯ. ಲಕ್ಷದ ಆಚೆಗೂ ಹೋಗುವುದುಂಟು. ಪೆಟ್ಟಾದ ಹನ್ನೆರಡು ಗಂಟೆಯೊಳಗೆ ಏರತೊಡಗಿ, ಒಂದರಿಂದ ಮೂರು ದಿನಗಳಲ್ಲಿ ತುದಿ ಮುಟ್ಟುತ್ತದೆ. ಹಾಗಾಗಿ ಮೊದಲ ದಿನ ಸ್ವಲ್ಪವೇ ಏರಿದೆ ಎಂದು ಮನೆಗೆ ಕಳಿಸಬಾರದು, ಮತ್ತೊಮ್ಮೆ ನೋಡಬೇಕು. ಮಯೋಗ್ಲೋಬಿನ್ ಮಾತ್ರ ಬೇಗ ಬಂದು ಬೇಗ ಹೋಗುವಂಥದ್ದು. ಮೂತ್ರದ ಬಣ್ಣ ತಿಳಿಯಾಯಿತು ಎಂದರೆ ಅಪಾಯ ಕಳೆಯಿತು ಎಂದು ಅರ್ಥವಲ್ಲ. ಮೈನೋವು, ಬಲಹೀನತೆ, ಕಂದು ಮೂತ್ರ ಈ ಮೂರೂ ಒಟ್ಟಿಗೆ ಕಾಣುವುದು ಹತ್ತರಲ್ಲಿ ಒಬ್ಬರಿಗೂ ಕಡಿಮೆ ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಮೂರೂ ಬರಲಿ ಎಂದು ಕಾಯುತ್ತ ಕೂತರೆ ಹೆಚ್ಚಿನವರು ಕೈತಪ್ಪುತ್ತಾರೆ.

ಇನ್ನು ನಮ್ಮ ಬಿಸಿಲಿನ ಮಾತು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಸರಿಯಾದ ಕ್ರಮ. ತಾಪಮಾನ 42, 44 ಡಿಗ್ರಿ ಮುಟ್ಟುವ ನೆಲದಲ್ಲಿ ಮಧ್ಯಾಹ್ನ ದುಡಿಯುವುದು ಕಷ್ಟ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ. ಹಾಗಿದ್ದ ಮೇಲೆ ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ರಕ್ಷಣೆ ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಕಲ್ಲಿನ ಗಣಿಯಲ್ಲಿ ಫರಸಿ ಎಬ್ಬಿಸುವವರಿಗೆ ಯಾಕಿಲ್ಲ? ಲಾರಿಗೆ ಚೀಲ ತುಂಬುವ ಹಮಾಲರಿಗೆ, ಮಧ್ಯಾಹ್ನ ಎರಡು ಗಂಟೆಗೆ ಸ್ಲ್ಯಾಬ್ ಹಾಕುವ ಗೌಂಡಿಗಳಿಗೆ, ಅವರ ಕೈಗೆ ಕಾಂಕ್ರೀಟ್ ಕೊಡುವ ಹೆಣ್ಣುಮಕ್ಕಳಿಗೆ ಯಾಕಿಲ್ಲ? ಉದ್ಯೋಗ ಖಾತ್ರಿಯಲ್ಲಿ ಬೇಸಿಗೆಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟದ್ದುಂಟು. ಖಾಸಗಿ ಗುತ್ತೇದಾರರ ಕೆಲಸಕ್ಕೆ ಅಂಥ ಒಂದು ಸಾಲಿನ ಸೂಚನೆಯೂ ತಲುಪಿದ್ದನ್ನು ನಾನು ಕಾಣೆ. ಗಣಿಯ ತಳದಲ್ಲಿ ಗಾಳಿ ಆಡುವುದಿಲ್ಲ, ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೇ ಎರಚುತ್ತದೆ. ಅಲ್ಲಿ ನಿಂತು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಯಾರಿಗೆ ಹೆಚ್ಚು ಅಪಾಯ ಎಂಬುದು ಕೆಲಸ ಮಾಡಿಸುವವರಿಗೆ ತಿಳಿದಿರಬೇಕು. ವರ್ಷವಿಡೀ ಅಲ್ಲೇ ದುಡಿಯುವವನ ಮೈ ಕಾವಿಗೆ ಒಗ್ಗಿರುತ್ತದೆ. ಹೀಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು, ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಕಳೆದುಹೋಗುತ್ತದೆ. ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋಗಿ ಊರಿಗೆ ಮರಳಿದವನು, ಜ್ವರ ಬಿಟ್ಟು ಎದ್ದವನು, ಹೊಸದಾಗಿ ಸೇರಿದ ಹದಿಹರೆಯದ ಹುಡುಗ ಮೊದಲ ದಿನವೇ ಹಳಬರ ಸಮಕ್ಕೆ ಭಾರ ಎತ್ತಲು ಹೋದರೆ ಮಾಂಸಖಂಡ ತಡೆಯುವುದಿಲ್ಲ. ಲೆಕ್ಕದ ಮೇಲೆ ಕೂಲಿ ಇರುವ ಕಡೆ ಅವನು ನಿಲ್ಲುವುದೂ ಇಲ್ಲ. ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗಲು ಒಂದೇ ವಾರದಲ್ಲಿ ಮೈ ಹುರಿಗೊಳಿಸಹೊರಡುವ ನಮ್ಮ ಹುಡುಗರಿಗೂ ಇದೇ ಮಾತು. ಕೆಲಸವನ್ನು ಮೊದಲ ವಾರ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು. ಮಧ್ಯಾಹ್ನ ನೆರಳಿನಲ್ಲಿ ಕೂರಿಸಬೇಕು. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಅಂಬಲಿ ಕೊಡಬೇಕು. ನೆರಳು, ನೀರು, ವಿರಾಮ ಕೊಡುವ ಹೊಣೆ ಕೆಲಸ ಮಾಡಿಸುವವರದು, ಕೂಲಿಯವನ ಜಾಣತನಕ್ಕೆ ಬಿಟ್ಟದ್ದಲ್ಲ.

ಬಿಸಿಲಿಗೆ ಬಿದ್ದವನು ತೊದಲತೊಡಗಿದರೆ, ತಲೆಬುಡವಿಲ್ಲದ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ, ಗಾಡಿ ಹುಡುಕುವ ಮೊದಲು ಅವನನ್ನು ತಣ್ಣಗೆ ಮಾಡಬೇಕು. ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು, ಗಾಳಿ ಬೀಸುತ್ತಲೇ ಇರಬೇಕು. ದೊಡ್ಡ ತೊಟ್ಟಿ ಇದ್ದರೆ ತಲೆ ಹಿಡಿದುಕೊಂಡು ಕುತ್ತಿಗೆಯವರೆಗೂ ನೀರಿನಲ್ಲಿ ಕೂರಿಸಬೇಕು. ಕಾವು ಇಳಿಯುವುದು ತಡವಾದಷ್ಟೂ ಮಾಂಸವೂ ಮಿದುಳೂ ಹಾಳಾಗುತ್ತವೆ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬಾರದು.

ಸೂಜಿಯ ಬಗ್ಗೆ ಕಟುವಾಗಿಯೇ ಬರೆಯಬೇಕಾಗಿದೆ. ನನ್ನ ಬಳಿ ಮೂತ್ರದ ಬಾಟಲಿ ಹಿಡಿದು ನಿಂತವರಲ್ಲಿ ಎಷ್ಟೋ ಜನ ಊರಲ್ಲೇ ನೋವಿನ ಸೂಜಿ ಮಾಡಿಸಿಕೊಂಡು ಬಂದವರು. "ಅಕ್ಕೋರೆ, ಮೈಕೈ ಭಾಳ ನೋಯಾಕತ್ತಿತ್ತು, ಎರಡು ಸೂಜಿ ಮಾಡಿಸಿದ್ವಿ, ಕಡಿಮಿ ಆಗಲಿಲ್ರಿ" ಎನ್ನುತ್ತಿದ್ದರು. ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೈಯಲ್ಲಿ ನೀರು ಬತ್ತಿ, ಮಯೋಗ್ಲೋಬಿನ್ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ಅದನ್ನು ಚುಚ್ಚಿದರೆ ಕಿಡ್ನಿ ಉಳಿಯುವ ಅವಕಾಶವನ್ನೂ ಕಿತ್ತುಕೊಂಡ ಹಾಗೆ. ನೋವಿಗೆ ಪ್ಯಾರಾಸಿಟಮಾಲ್ ಇದೆ. ಇದನ್ನು ಹಳ್ಳಿಯಲ್ಲಿ ಚಿಕಿತ್ಸೆ ಕೊಡುವ ಪ್ರತಿಯೊಬ್ಬರಿಗೂ, ಮೆಡಿಕಲ್ ಅಂಗಡಿಯ ಪ್ರತಿ ಹುಡುಗನಿಗೂ ಮುಟ್ಟಿಸಬೇಕು: ದುಡಿದು ಸೆಟೆದ ಮೈಗೆ, ಕಂದು ಮೂತ್ರಕ್ಕೆ ಅಂಥ ನೋವಿನ ಸೂಜಿ ಬೇಡ, ಅಂಥ ನೋವಿನ ಗುಳಿಗೆಯೂ ಬೇಡ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದೂ ಬೇಡ. ಎಳನೀರಿನ ಬಗ್ಗೆಯೂ ಒಂದು ಎಚ್ಚರಿಕೆ ಕೊಡಬೇಕು. ಬಿಸಿಲಿಗೆ ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರ ಕಂದಾದ ಮೇಲೆ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಕೊಡಬಾರದು. ಪ್ರೀತಿಯಿಂದ ಕುಡಿಸಿದ್ದೇ ಹೃದಯವನ್ನು ನಿಲ್ಲಿಸಬಹುದು.

ಕಲ್ಲಿನಡಿ, ಗೋಡೆಯಡಿ ಸಿಕ್ಕವರ ಕಥೆ ಬೇರೆ, ಅದಕ್ಕೆ ಹೆಚ್ಚು ಸ್ಥಳ ಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬಿದ್ದಾಗ, ಕುಸಿದ ಮನೆಗಳಡಿ ಗಂಟೆಗಟ್ಟಲೆ ಸಿಕ್ಕಿಕೊಂಡವರನ್ನು ಜೀವಂತ ಹೊರಗೆಳೆದರೂ ಕೆಲವೇ ದಿನಗಳಲ್ಲಿ ಕಿಡ್ನಿ ಸೋತು ಸಾಯುತ್ತಿದ್ದರು. ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಎಂಬಿಬ್ಬರು ಅಂಥ ನಾಲ್ವರ ವಿವರವನ್ನು 1941ರಲ್ಲಿ ಪ್ರಕಟಿಸಿದರು. ಭಾರ ಎತ್ತಿದ ಕೂಡಲೇ, ಅದುವರೆಗೆ ಅಲ್ಲೇ ತಡೆದಿದ್ದ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ಒಮ್ಮೆಲೇ ಮೈಗೆ ಹರಿಯುತ್ತವೆ. 1999ರ ಆಗಸ್ಟ್‌ನಲ್ಲಿ ಟರ್ಕಿಯ ಮರ್ಮರಾ ಭೂಕಂಪದಲ್ಲಿ 600ಕ್ಕೂ ಹೆಚ್ಚು ಜನರಿಗೆ ಹೀಗೆ ಕಿಡ್ನಿ ತೊಂದರೆಯಾಯಿತು, 477 ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಅದೇ ದೇಶದ ಬಿಂಗೊಲ್‌ನಲ್ಲಿ 2003ರಲ್ಲಿ ಭೂಕಂಪವಾದಾಗ ಅವಶೇಷದಡಿಯಿಂದ ತೆಗೆದವರಿಗೆ ಬೇಗನೆ, ಧಾರಾಳವಾಗಿ ಸಲಾಯಿನ್ ಹಚ್ಚಿದರು. ಅವರಲ್ಲಿ ಬಹುಪಾಲು ಜನ ಡಯಾಲಿಸಿಸ್ ಇಲ್ಲದೆ ಉಳಿದರು.

ಇದು ದೂರದ ದೇಶದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆಳಂದ, ಬಸವಕಲ್ಯಾಣದ ಹಿರಿಯರಿಗೆ ಆ ರಾತ್ರಿ ಇವತ್ತಿಗೂ ನೆನಪಿದೆ, ಗಡಿಯ ಆಚೆಗಷ್ಟೇ ನಡೆದದ್ದು. ಅಲ್ಲಿ ಜನರನ್ನು ಕೊಂದದ್ದು ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮಣ್ಣಿನ ಮಾಳಿಗೆಗಳು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಂಥವೇ ಮನೆಗಳಿವೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದ್ದನ್ನು ಜಿಲ್ಲಾಡಳಿತವೇ ಕಂಡಿದೆ. ಭೂಕಂಪ ಇರಲಿ, ಗಣಿಯಲ್ಲಿ ಬಂಡೆ ಜಾರುವುದು, ಮಳೆಗಾಲದಲ್ಲಿ ಮಾಳಿಗೆ ಬೀಳುವುದು, ಟ್ರ್ಯಾಕ್ಟರ್ ಮಗುಚುವುದು ನಮ್ಮಲ್ಲಿ ಹೊಸದಲ್ಲ.

ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ಇದನ್ನು ಬರೆಯಿಸಿ: ಕೈಕಾಲು ಬಹಳ ಹೊತ್ತು ಭಾರದಡಿ ಸಿಕ್ಕಿದ್ದರೆ, ಸಾಧ್ಯವಿರುವ ಕಡೆ ಭಾರ ಎತ್ತುವ ಮೊದಲೇ ಸಲಾಯಿನ್ ಹಚ್ಚಬೇಕು. ಈಗಷ್ಟೇ ಬಿದ್ದಿದ್ದರೆ, ಅಥವಾ ಮತ್ತೆ ಕುಸಿಯುವ ಭಯವಿದ್ದರೆ ಒಂದು ಕ್ಷಣವೂ ಕಾಯದೆ ಎತ್ತಬೇಕು. ಯಾವ ಸಲಾಯಿನ್ ಎಂಬುದೂ ಮುಖ್ಯ. ನಾರ್ಮಲ್ ಸಲಾಯಿನ್ ಬೇಕು. ಆರ್.ಎಲ್. (ರಿಂಗರ್ ಲ್ಯಾಕ್ಟೇಟ್) ಎಂಬ ಇನ್ನೊಂದು ಬಗೆಯ ಸಲಾಯಿನ್ ಬಾಟಲಿಯಲ್ಲಿ ಪೊಟ್ಯಾಸಿಯಂ ಇರುವುದರಿಂದ ಜಜ್ಜುಗಾಯದವರಿಗೆ ಅದನ್ನು ದೂರವಿಡುತ್ತಾರೆ. 108 ಗಾಡಿಯ ಸಿಬ್ಬಂದಿ ಮತ್ತು ಅಗ್ನಿಶಾಮಕ ದಳದವರು ಈ ಒಂದು ಪಾಠವನ್ನು ಜೊತೆಯಾಗಿ ಕಲಿಯಬೇಕು, ಯಾಕೆಂದರೆ ಬಂಡೆ ಎತ್ತುವವರು ಒಬ್ಬರು, ಸೂಜಿ ಚುಚ್ಚುವವರು ಇನ್ನೊಬ್ಬರು.

ಕರೆಂಟು ಹೊಡೆದವರನ್ನೂ ಇದೇ ಕಣ್ಣಿನಿಂದ ನೋಡಬೇಕು. ರಾತ್ರಿ ಪಂಪ್‌ಸೆಟ್ಟು ಚಾಲೂ ಮಾಡಲು ಹೋದ ರೈತನ ಅಂಗೈಯಲ್ಲಿ ಸಣ್ಣ ಸುಟ್ಟ ಗುರುತು ಇರುತ್ತದೆ, ಒಳಗೆ ತೋಳಿನ ಮಾಂಸವೆಲ್ಲ ಬೆಂದಿರುತ್ತದೆ. ಹೊರಗಿನ ಗಾಯ ನೋಡಿ ಮುಲಾಮು ಹಚ್ಚಿ ಕಳಿಸಬಾರದು, ಮೂತ್ರ ನೋಡಬೇಕು, ಇಸಿಜಿ ಮಾಡಬೇಕು.

ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಬಗ್ಗೆ ಬರೆಯಲು ಕೈ ನಡುಗುತ್ತದೆ, ಆದರೂ ಬರೆಯದೆ ಇರಲಾರೆ. ಅಗ್ಗದ ಹಲವು ಬಣ್ಣಗಳಲ್ಲಿ ಪ್ಯಾರಾಫಿನೈಲಿನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ನೊಂದ ಗಳಿಗೆಯಲ್ಲಿ ಇದನ್ನು ಕುಡಿದವರು, ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು, ಕರ್ನಾಟಕ, ಆಂಧ್ರ, ತೆಲಂಗಾಣದ ಆಸ್ಪತ್ರೆಗಳಿಗೆ ಬರುತ್ತಲೇ ಇದ್ದಾರೆ. ಕೆಲವೇ ಗಂಟೆಗಳಲ್ಲಿ ಮುಖ, ನಾಲಿಗೆ, ಗಂಟಲು ಬಾತು ಉಸಿರು ಕಟ್ಟುತ್ತದೆ. ಅದರಿಂದ ಉಳಿದರೆ ಮಾಂಸಖಂಡ ಒಡೆದು ಮೂತ್ರ ಕಂದಾಗಿ ಕಿಡ್ನಿ ಸೋಲುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಿನ ದಾರಿ ತೆರೆದಿಡುವುದು, ಬೇಕಾದರೆ ಗಂಟಲಲ್ಲಿ ರಂಧ್ರ ಮಾಡುವುದು, ಸಲಾಯಿನ್, ಡಯಾಲಿಸಿಸ್ ಇಷ್ಟೇ ದಾರಿ. "ಬರೇ ಬಣ್ಣ ಕುಡಿದಾಳ, ವಾಂತಿ ಆದ್ರ ಸಾಕು" ಎಂದು ಮನೆಯಲ್ಲಿ ಇಟ್ಟುಕೊಂಡವರು ಮಗಳನ್ನು ಕಳೆದುಕೊಂಡಿದ್ದಾರೆ. ಅಂಗಡಿಗಳಲ್ಲಿ ಮಕ್ಕಳ ಕೈಗೆಟುಕುವ ಹಾಗೆ ಇದನ್ನು ತೂಗುಹಾಕಿ ಮಾರುವುದಕ್ಕೆ ಏನಾದರೂ ಲಗಾಮು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲು ರಾತ್ರಿ ಇದೆ. ಅದನ್ನು ಪ್ರತಿ ಕಾಲೇಜು, ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಕಾರಣಗಳು ಇನ್ನೂ ಇವೆ. ಕುಡಿದು ಒಂದೇ ಮಗ್ಗುಲಲ್ಲಿ ರಾತ್ರಿಯಿಡೀ ಬಿದ್ದವರು, ನಿಲ್ಲದೆ ಫಿಟ್ಸ್ ಬಂದವರು, ಹೆಜ್ಜೇನು ಮುತ್ತಿ ನೂರಾರು ಕಡೆ ಕಚ್ಚಿಸಿಕೊಂಡವರು, ಕೆಲವು ಸೋಂಕು ಜ್ವರದವರು. ಕೊಲೆಸ್ಟ್ರಾಲಿಗೆ ಸ್ಟಾಟಿನ್ ಗುಳಿಗೆ ನುಂಗುವವರಲ್ಲೂ ಅಪರೂಪಕ್ಕೆ ಆಗುತ್ತದೆ, ಕೆಲವು ಆಂಟಿಬಯಾಟಿಕ್ ಜೊತೆ ಸೇರಿದಾಗ ಸ್ವಲ್ಪ ಹೆಚ್ಚು. ಹೃದಯದ ರೋಗಿಗಳು ಇದನ್ನು ಓದಿ ಹೆದರಿ ಗುಳಿಗೆ ಬಿಡಬಾರದು. ಮೈಕೈ ವಿಪರೀತ ನೋಯುತ್ತ ಮೂತ್ರ ಕಂದಾದರೆ ಮಾತ್ರ ತಡಮಾಡದೆ ಡಾಕ್ಟರರಿಗೆ ತೋರಿಸಿದರೆ ಆಯಿತು.

ಆಸ್ಪತ್ರೆಯಲ್ಲಿ ಆಗಬೇಕಾದದ್ದು ವೈದ್ಯರಿಗೆ ಗೊತ್ತು, ನಾನು ಕಲಿಸಹೊರಟಿಲ್ಲ. ಜನರಿಗೆ ತಿಳಿದಿರಲಿ ಎಂದು ಬರೆಯುತ್ತೇನೆ. ವಯಸ್ಕರಿಗೆ ಮೊದಲಲ್ಲಿ ಗಂಟೆಗೆ ಒಂದು, ಒಂದೂವರೆ ಲೀಟರಿನವರೆಗೂ ಸಲಾಯಿನ್ ಕೊಡುತ್ತಾರೆ. ಮೂತ್ರ ಗಂಟೆಗೆ 200ರಿಂದ 300 ಮಿ.ಲೀ. ಬರುವ ಹಾಗೆ ನೋಡಿಕೊಳ್ಳುತ್ತಾರೆ. ವಯಸ್ಸಾದವರು, ಹೃದಯ ದುರ್ಬಲ ಇರುವವರು, ಮೂತ್ರ ಆಗಲೇ ನಿಂತವರಿಗೆ ಅಷ್ಟು ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಅಳೆದು ಕೊಡಬೇಕು. ಅದಕ್ಕೇ ಮೂತ್ರದ ಲೆಕ್ಕವನ್ನು ಗಂಟೆಗಂಟೆಗೂ ಬರೆಯುವ ಒಬ್ಬ ನರ್ಸಮ್ಮ ಇಲ್ಲಿ ಯಂತ್ರಕ್ಕಿಂತ ದೊಡ್ಡವರು. ಸೋಡಾಬೈಕಾರ್ಬ್, ಮ್ಯಾನಿಟಾಲ್ ಎಂಬ ಔಷಧಿಗಳು ಸಲಾಯಿನ್‌ಗಿಂತ ಹೆಚ್ಚು ಉಪಕಾರಿ ಎಂದು ಸಿದ್ಧವಾಗಿಲ್ಲ. ಪೊಟ್ಯಾಸಿಯಂ ಏರಿದರೆ ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ತಳ್ಳಲು ಗ್ಲುಕೋಸ್ ಜೊತೆ ಇನ್ಸುಲಿನ್, ಸಾಲ್ಬುಟಮಾಲ್ ಹೊಗೆ ಕೊಡುತ್ತಾರೆ. ಇಷ್ಟಕ್ಕೂ ಬಗ್ಗದಿದ್ದರೆ ಡಯಾಲಿಸಿಸ್. ಬಾತ ಕಾಲು ಕಲ್ಲಿನಂತೆ ಗಟ್ಟಿಯಾಗಿ, ಬೆರಳು ಅಲುಗಿಸಿದರೆ ತಡೆಯಲಾರದ ನೋವು ಬಂದರೆ ಸರ್ಜನ್ ತುರ್ತಾಗಿ ಒತ್ತಡ ಬಿಡಿಸಬೇಕಾಗುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಹೀಗೆ ಸೋತ ಕಿಡ್ನಿ ಶುಗರ್ ಕಾಯಿಲೆಯಲ್ಲಿ ಸೋತ ಕಿಡ್ನಿಯಂತಲ್ಲ. ರೋಗಿ ಬದುಕಿ ಉಳಿದರೆ ಕೆಲವು ವಾರಗಳಲ್ಲಿ ಬಹುಪಾಲು ಜನರಿಗೆ ಮತ್ತೆ ಕೆಲಸ ಮಾಡತೊಡಗುತ್ತದೆ. ಡಯಾಲಿಸಿಸ್ ಎಂದ ಕೂಡಲೇ "ಇನ್ನ ಜೀವನಪೂರ್ತಿ" ಎಂದು ಹೆದರಿ ಮನೆಗೆ ಕರೆದೊಯ್ಯುವವರು ದಯವಿಟ್ಟು ಈ ಮಾತು ಕೇಳಿ.

ಚಿಂಚೋಳಿ ತಾಲ್ಲೂಕಿನ ಕುಂಚಾವರಂನಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಅಲ್ಲಿಂದ ಹೊರಟವನ ಕೈಗೆ ಸಲಾಯಿನ್ ಹತ್ತದೆ, ಇಸಿಜಿ ಆಗದೆ ಗಾಡಿ ಹತ್ತಿಸುವುದು ದಾರಿಯಲ್ಲಿ ಬಿಟ್ಟುಬಿಟ್ಟ ಹಾಗೆ. ಪೊಟ್ಯಾಸಿಯಂ ಅಳೆಯುವ ಯಂತ್ರ ಎಲ್ಲ ಕಡೆ ಇಲ್ಲದಿರಬಹುದು. ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎದ್ದು ನಿಂತರೆ ಅದೇ ಪೊಟ್ಯಾಸಿಯಂ ಏರಿದ ಮೊದಲ ಎಚ್ಚರಿಕೆ. ರಕ್ತದ ಮಾದರಿ ಒರಟಾಗಿ ಎಳೆದು ರಕ್ತಕಣ ಒಡೆದರೂ ಸಂಖ್ಯೆ ಸುಳ್ಳೇ ಏರುತ್ತದೆ, ಹಾಗಾಗಿ ಇಸಿಜಿಯ ಸಾಕ್ಷಿ ಇನ್ನೂ ಬೇಕು. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಲ್ಲಿ ಕಾಯಂ ರೋಗಿಗಳ ಸರದಿ ಇರುತ್ತದೆ. ತುರ್ತಿನವರಿಗೆ ಒಂದು ಹೊತ್ತು ಮೀಸಲಿಡುವ ಏರ್ಪಾಡು ಆಗಬೇಕು. ಯಾವ ಘಟಕದಲ್ಲಿ ಯಾವ ಹೊತ್ತಿಗೆ ಜಾಗ ಇದೆ ಎಂದು ಹೇಳುವ ಒಂದು ದೂರವಾಣಿ ಆರೋಗ್ಯ ಕೇಂದ್ರದ ವೈದ್ಯರ ಕೈಯಲ್ಲಿರಬೇಕು. ರೋಗಿಯನ್ನು ಗಾಡಿಯಲ್ಲಿಟ್ಟುಕೊಂಡು ಒಂದೊಂದೇ ಬಾಗಿಲು ತಟ್ಟುತ್ತ ಹೋಗುವ ಪರಿಸ್ಥಿತಿ ಇರಬಾರದು. ಕಲಬುರಗಿಯಲ್ಲಿ ಎರಡು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಜಿಮ್ಸ್ ಮತ್ತು ಇ.ಎಸ್.ಐ. ಕಾಲೇಜು. ಆರೋಗ್ಯ ಕೇಂದ್ರಗಳಿಗೆ ಒಂದು ಪುಟದ ಮಾರ್ಗಸೂಚಿಯನ್ನು ಕನ್ನಡದಲ್ಲಿ ಅವರಿಂದ ಬರೆಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಪಟ್ಟಿ, ಸಲಾಯಿನ್, ಇಸಿಜಿ ಕಾಗದಕ್ಕೆ ತಗಲುವ ಖರ್ಚು ಲೆಕ್ಕಕ್ಕೂ ಬಾರದಷ್ಟು.

ಕಾರ್ಮಿಕ ಇಲಾಖೆ ಮತ್ತು ಗಣಿ ಇಲಾಖೆಯವರನ್ನು ಒಂದೇ ಸಭೆಗೆ ಕರೆದು, ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಗಣಿ ಮತ್ತು ಕಟ್ಟಡದ ಭಾರದ ಕೆಲಸ ನಿಲ್ಲಿಸಲು ಸೂಚನೆ ಹೊರಡಿಸಿ. ಆ ಹೊತ್ತಿನ ಕೂಲಿ ಕಡಿತವಾಗಬಾರದು ಎಂಬುದನ್ನೂ ಅದರಲ್ಲೇ ಬರೆಯಿಸಿ. ಕೂಲಿ ಕಡಿದರೆ ನಮ್ಮ ಜನ ನೆರಳಿನಲ್ಲಿ ಕೂರುವುದಿಲ್ಲ, ಅವರಿಗೆ ಕೂರುವಷ್ಟು ಅನುಕೂಲ ಇಲ್ಲ.

ಲ್ಯಾಬಿನ ಹುಡುಗ ಹುಡುಗಿಯರಿಗೆ ಪಟ್ಟಿಯ ಫಲಿತಾಂಶವನ್ನೂ ಸೂಕ್ಷ್ಮದರ್ಶಕದ ಫಲಿತಾಂಶವನ್ನೂ ಪಕ್ಕಪಕ್ಕ ಬರೆಯಲು, ಎರಡಕ್ಕೂ ತಾಳೆಯಾಗದಿದ್ದರೆ ರಿಜಿಸ್ಟರಿನಲ್ಲಿ ಬರೆದು ಸುಮ್ಮನಾಗದೆ ಕೂಡಲೇ ಡಾಕ್ಟರರಿಗೆ ಹೋಗಿ ಹೇಳಲು ಅರ್ಧ ದಿನದಲ್ಲಿ ಕಲಿಸಬಹುದು. ತಾಲ್ಲೂಕು ತಾಲ್ಲೂಕಿಗೆ ಬಂದು ನಾನೇ ಕಲಿಸುತ್ತೇನೆ. ಭತ್ಯೆ ಬೇಡ, ಗಾಡಿ ಬೇಡ, ಬಸ್ಸಿನಲ್ಲಿ ಬರುತ್ತೇನೆ. ನಿಮ್ಮ ಕಚೇರಿ ದಿನ ಗೊತ್ತುಮಾಡಿ, ಪ್ರತಿ ಕೇಂದ್ರದಿಂದ ಒಬ್ಬರನ್ನು ಕಳಿಸಿಕೊಟ್ಟರೆ ಆಯಿತು. ಮಾರ್ಚ್ ಮುಗಿಯುವ ಮುಂಚೆ ಆಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಕಲಬುರಗಿ ಜಿಲ್ಲೆ